ಬಗ್ಗುವ ಮೈಗೆ ನೋವಿಲ್ಲವೇ?

ಪೋತ್ನಾಳದ ಬಸವಂತಮ್ಮನಿಗೆ ಸೊಸೆಯ ನೋವಿನ ಮೇಲೆ ನಂಬಿಕೆ ಇರಲಿಲ್ಲ. ವಿಜಯಶ್ರೀ ಒಂದು ದಿನ ಮೊಣಕಾಲು ಅಂದರೆ ಮರುದಿನ ಭುಜ, ಆಮೇಲೆ ಸೊಂಟ ಅನ್ನುತ್ತಿದ್ದಳು. ಎಕ್ಸ್‌ರೇ ತೆಗೆಸಿದರೆ ಎಲ್ಲ ಸರಿ ಇದೆ ಅಂತ ಬಂತು. ಕೊನೆಗೆ ಅತ್ತೆ ಓಣಿಯ ಹೆಂಗಸರ ಮುಂದೆಯೇ ಸೊಸೆಯನ್ನು ನಿಲ್ಲಿಸಿ, ಬಗ್ಗು ನೋಡೋಣ ಎಂದಳು. ವಿಜಯಶ್ರೀ ಬಗ್ಗಿದಳು. ಮೊಣಕಾಲು ಮಡಚದೆ ಎರಡೂ ಅಂಗೈ ನೆಲಕ್ಕೆ ಸಪಾಟಾಗಿ ಕೂತವು.

"ಸರ್ಕಸ್ಸಿನಾಕಿ ಬಗ್ಗಿದಂಗ ಬಗ್ತಾಳ. ಇಕಿಗೆ ನೋವಂತ!" ಎಂದು ಬಸವಂತಮ್ಮ ಎಲ್ಲರನ್ನೂ ನಗಿಸಿದಳು.

ಅಂದಿನಿಂದ ವಿಜಯಶ್ರೀ ನೋವಿನ ಮಾತೇ ಬಿಟ್ಟಳು. ಊಟವೂ ಸೇರದಾಯಿತು. ತಲೆ ಬಾಚಿಕೊಳ್ಳಲಿಲ್ಲ. ಇದು ಹಟವೆಂದು ತಿಳಿದ ಅತ್ತೆ, ದೇವದುರ್ಗದ ತವರಿಗೆ ಹೋಗಿ ಬುದ್ಧಿ ಕಲಿತು ಬರಲಿ ಎಂದು ಬಟ್ಟೆಗಂಟು ಕಟ್ಟಿಟ್ಟಳು. ಮಗ ಚನ್ನವೀರ ಎಂದಿನಂತೆ ಅಂಗಡಿಗೆ ಹೋದ.

ಬಸ್ಸಿನ ಹೊತ್ತಿಗೆ ಆಶಾ ಕಾರ್ಯಕರ್ತೆ ನಾಗವೇಣಿ ಬಂದಳು. ಸೊಸೆಯ ಮುಖ ನೋಡಿ ಪಕ್ಕದಲ್ಲೇ ಕೂತಳು. ಸಾಯಬೇಕು ಅನಿಸುತ್ತದೇನವ್ವ ಅಂತ ನೇರವಾಗಿಯೇ ಕೇಳಿದಳು. ಬಾಗಿಲಲ್ಲಿದ್ದ ಬಸವಂತಮ್ಮ ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ಸೊಸೆಯ ದನಿ ಕೇಳಿತು.

"ಹೌದಕ್ಕಾ. ಇವತ್ತ ತವರಮನಿ ಮುಟ್ಟಂಗಿಲ್ಲ ಅಂತ ಮಾಡೀನಿ."

ಬಸವಂತಮ್ಮ ಬಟ್ಟೆಗಂಟನ್ನು ಒಳಗೆ ಒಯ್ದಿಟ್ಟು ಬಂದು ಸೊಸೆಯ ಹತ್ತಿರ ಕೂತಳು. ಹೊರಗೆ ಬಸ್ಸು ಹಾರ್ನ್ ಹೊಡೆದು ಹೋಯಿತು. ಯಾರೂ ಏಳಲಿಲ್ಲ.

ನಾಗವೇಣಿ ಅಲ್ಲೇ ಮನಸ್ಸಿನ ಸಂಕಟಕ್ಕೆಂದು ಇರುವ ಸರ್ಕಾರಿ ಸಹಾಯವಾಣಿ 14416ಕ್ಕೆ ಫೋನ್ ಹಚ್ಚಿ ವಿಜಯಶ್ರೀಗೆ ಕೊಟ್ಟಳು. ಮಾತು ಮುಗಿಯುವವರೆಗೆ ಅವಳ ಕೈ ಬಿಡಲಿಲ್ಲ. ಆಮೇಲೆ ಅತ್ತೆಗೆ, ಈಕೆಯನ್ನು ಒಂಟಿ ಬಿಡಬೇಡಿ, ಇವತ್ತೇ ರಾಯಚೂರಿಗೆ ದೊಡ್ಡ ಆಸ್ಪತ್ರೆಗೆ ಹೋಗೋಣ ಎಂದಳು.

"ಮತ್ತ ಅಷ್ಟು ಬಗ್ತಾಳಲ್ಲ?" ಬಸವಂತಮ್ಮ ಮೆಲ್ಲಗೆ ಕೇಳಿದಳು.

"ಅದಕ್ಕ ನೋವಿರಬಹುದು ಯವ್ವಾ. ಕೀಲು ಹಿಡಿದಿಡೋ ನಾರು ಕೆಲವರಿಗೆ ಹುಟ್ಟಿನಿಂದ್ಲೇ ಸಡಿಲ ಇರ್ತಾವ. ಹಗ್ಗ ಸಡಿಲಾದ ಹುಲ್ಲಿನ ಹೊರಿ ಹೊತ್ರ ಎರಡೂ ಕೈಲೇ ಹಿಡೀಬೇಕಲ್ಲ, ಹಂಗ ಸ್ನಾಯು ಹಿಡಿದು ಹಿಡಿದು ಸೋತು ನೋಯ್ತಾವ. ಎಕ್ಸ್‌ರೇದಾಗ ಕಾಣಂಗಿಲ್ಲ. ಬಗ್ಗೋರಿಗೆಲ್ಲಾ ಹಿಂಗ ಆಗಂಗಿಲ್ಲ, ಡಾಕ್ಟ್ರ ನೋಡಿ ಹೇಳಬೇಕು. ಆದ್ರ ದಿನಾ ನೋವು ತಿಂದು, ಮ್ಯಾಲ ಸುಳ್ಳಿ ಅನಿಸಿಕೊಂಡ್ರ ಮನಸು ಕುಸೀತದ. ಮನಸು ಕುಸಿದ್ರ ನೋವು ಇನ್ನಷ್ಟು ಏರ್ತದ."

ಸುದ್ದಿ ಮುಟ್ಟಿ ಚನ್ನವೀರ ಅಂಗಡಿ ಮುಚ್ಚಿ ಬಂದ. ಎಲ್ಲರೂ ರಾಯಚೂರಿಗೆ ಹೋದರು. ಎಲ್ಲಿ ನೋವು ಅಂತ ಡಾಕ್ಟರು ಕೇಳಿದಾಗ ವಿಜಯಶ್ರೀ ಅತ್ತೆಯ ಮುಖ ನೋಡಿ ತಲೆ ತಗ್ಗಿಸಿದಳು.

"ಖರೇನ ನೋವದರೀ ಇಕಿಗೆ," ಎಂದಳು ಬಸವಂತಮ್ಮ. "ನಾನ ನಂಬಿದ್ದಿಲ್ಲ."

ಆಗ ಸೊಸೆ ಮಾತಾಡತೊಡಗಿದಳು. ಡಾಕ್ಟರು ಒಂದೊಂದೇ ಕೀಲು ಮುಟ್ಟಿ ನೋಡಿ, ನಾರು ಸಡಿಲವಿರುವುದು ನಿಜ, ಪೂರ್ತಿ ಹೋಗದಿದ್ದರೂ ನಿಧಾನದ ವ್ಯಾಯಾಮದಿಂದ ಸ್ನಾಯು ಗಟ್ಟಿಯಾದರೆ ನೋವು ಹಿಡಿತಕ್ಕೆ ಬರುತ್ತದೆ ಎಂದರು. ಮನಸ್ಸಿನ ಡಾಕ್ಟರ ಬಳಿಗೂ ಅಂದೇ ಕಳಿಸಿದರು. ಅಲ್ಲಿಗೆ ಅತ್ತೆಯೇ ಕೈ ಹಿಡಿದು ಕರೆದೊಯ್ದಳು.

ತಾಯಂದಿರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ತಿಂಗಳುಗಟ್ಟಲೆ ಮೈನೋವು ಅನ್ನುವವರು ಇರಬಹುದು. ನೋವು ನಿಜವೋ ಸುಳ್ಳೋ ಅಂತ ನೀವೇ ಅವರನ್ನು ಪರೀಕ್ಷೆಗೆ ನಿಲ್ಲಿಸಬೇಡಿ, ಡಾಕ್ಟರಿಗೆ ತೋರಿಸಿ. ಊಟ, ನಿದ್ದೆ, ಮಾತು ಬಿಟ್ಟಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಬದುಕು ಸಾಕು ಅಂದರೆ ಒಂಟಿ ಬಿಡಬೇಡಿ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಇವತ್ತೇ ಹತ್ತಿರ ಕೂತು, ಎಲ್ಲಿ ನೋವು ಅಂತ ಕೇಳಿ. ಅವರು ಹೇಳಿ ಮುಗಿಸುವವರೆಗೆ ಏಳಬೇಡಿ.