ಮೂರು ದಿನ ಮಾತ್ರೆ ಬಿಟ್ಟು

ಅವ್ವನ ತಲೆಯನ್ನು ಎಡಗೈಯಲ್ಲಿ ಎತ್ತಿ ಹಿಡಿದು ಜ್ಯೋತಿ ಬಿಸಿನೀರು ಹುಯ್ಯುತ್ತಿದ್ದಳು. ನೀರು ಕೆನ್ನೆಯಿಂದ ಜಾರಿ ಕಿವಿಯ ಕಡೆ ಹೊರಟಾಗ ಚೊಂಬು ಕೆಳಗಿಟ್ಟು ಅಂಗೈ ಅಡ್ಡ ಹಿಡಿದಳು.

"ಹುಯ್ಯವ್ವ, ಆಕಿ ಕಿವಿಗೆ ಇನ್ನೇನು ಆಗ್ತೈತಿ?" ಎಂದಳು ಪಕ್ಕದ ಮನೆಯ ಉಜ್ಜಿನಮ್ಮ.

ನಿನ್ನೆ ಮಧ್ಯಾಹ್ನ ಹೊಲಿದ ಜೀನ್ಸ್ ಪ್ಯಾಂಟುಗಳ ಗಂಟು ಹೊತ್ತು ಮಾಳಿಗೆಯಿಂದ ಇಳಿಯುವಾಗ ಅವ್ವ ಗುರುಬಸಮ್ಮ ತಲೆ ತಿರುಗಿ ಬಿದ್ದಿದ್ದಳು. ಗಂಟು ಬಿಚ್ಚಿರಲಿಲ್ಲ. ತಲೆ ಒಡೆದು ಜೀವ ಅಲ್ಲೇ ಹೋಗಿತ್ತು.

ಬಾಗಿಲಲ್ಲಿ ಕೂತಿದ್ದವಳೊಬ್ಬಳು ಮೆಲ್ಲಗೆ ಅಂದಳು: "ನಿನ್ನೆನೂ ಹಾಕ್ಕೊಂಡಿದ್ಲೇನೋ. ಬೀದ್ಯಾಗ ಹೆಂಗ ತೂರಾಡ್ತಿದ್ಲು."

"ಬಾಯಿ ಮುಚ್ಚೇ! ಆಕಿ ಸೇಂದಿ ಮೂಸಿದಾಕಿ ಅಲ್ಲ. ನಿನ್ನ ಗಂಡ ಕುಡಿದು ಬಿದ್ದಾಗ ನಿನ್ನ ಮನಿ ತನಕ ಎಳಕೊಂಡು ಬಂದಾಕಿ," ಎಂದು ಗದರಿದಳು ಉಜ್ಜಿನಮ್ಮ.

ಅಳುತ್ತಿದ್ದ ಇಬ್ಬರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು.

ಜ್ಯೋತಿ ಮತ್ತೆ ಚೊಂಬಿಗೆ ಬಗ್ಗಿದಳು. ನೆಲ ಎಡಕ್ಕೆ ವಾಲಿತು. ಗೋಡೆ ಹಿಡಿದು ನಿಂತಳು. ಎಲ್ಲರೂ ಅದನ್ನು ದುಃಖ ಅಂದುಕೊಂಡರು. ಆರು ತಿಂಗಳಿಂದ ಅವಳಿಗೂ ಹೀಗೇ. ಯಾರಿಗೂ ಹೇಳಿರಲಿಲ್ಲ. ಅವ್ವನ ತಲೆಸುತ್ತಿನ ಮಾತ್ರೆಪಟ್ಟಿಯಿಂದ ಆಗಾಗ ಒಂದೊಂದು ಮಾತ್ರೆ ಕದ್ದು ನುಂಗುತ್ತಿದ್ದಳು. ನಿನ್ನೆ ಬೆಳಿಗ್ಗೆ ಉಳಿದಿದ್ದ ಕೊನೆಯದನ್ನೂ.

*

ಎರಡು ವರ್ಷದ ಹಿಂದೆ ಬಳ್ಳಾರಿಯ ಕಿವಿ ಡಾಕ್ಟರು ಚೀಟಿ ಬರೆದುಕೊಟ್ಟಿದ್ದರು.

"ಕಿವಿಗೆ ತಣ್ಣೀರು, ಆಮೇಲೆ ಬೆಚ್ಚನೆ ನೀರು ಬಿಟ್ಟು ಕಣ್ಣಿನ ಗುಡ್ಡೆ ಹೆಂಗೆ ಓಡ್ತದೆ ನೋಡ್ತೀವಿ. ಯಾವ ಕಿವಿಯಲ್ಲಿ ತೊಂದರೆ ಅಂತ ತಿಳೀತದೆ. ಆದ್ರೆ ಮೂರು ದಿನ ಈ ಮಾತ್ರೆ ಬಿಟ್ಟು ಬರಬೇಕಮ್ಮ. ಮಾತ್ರೆ ಒಳಗಿದ್ರೆ ಟೆಸ್ಟಿನಲ್ಲಿ ಏನೂ ಸರಿಯಾಗಿ ಕಾಣಲ್ಲ."

ಊರಿಗೆ ಮರಳುವ ರಾಯದುರ್ಗದ ಬಸ್ಸಿನಲ್ಲಿ ಅವ್ವ ನಕ್ಕಿದ್ದಳು. "ಕಿವ್ಯಾಗ ನೀರು ಬಿಟ್ಟು ಕಣ್ಣು ನೋಡ್ತಾರಂತ! ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಿದಂಗ."

"ಹೋಗಾಮಲ್ಲವ್ವ?"

"ಮೂರು ದಿನ ಮಾತ್ರಿ ಇಲ್ದ ಮಷೀನಿನ ಮುಂದ ಹೆಂಗ ಕುಂದ್ರಲಿ? ಸೂಜಿ ಬೆರಳಾಗ ಇಳೀತೈತಿ. ಈ ಬಂಡಲ್ ಮುಗೀಲಿ."

ಆ ಬಂಡಲ್ ಮುಗಿಯುವಷ್ಟರಲ್ಲಿ ಹೊಲಿಯಲು ಬಟ್ಟೆ ಕಳಿಸುವ ಸೂರಪ್ಪನ ಯೂನಿಟ್ಟಿನಿಂದ ಮತ್ತೊಂದು ಬರುತ್ತಿತ್ತು. ಮೂರು ಸಲ ತಾರೀಖು ಹಾಕಿಸಿದರು, ಮೂರು ಸಲವೂ ಹೋಗಲಿಲ್ಲ.

*

ಜ್ಯೋತಿಯ ಅಣ್ಣ ಒಳಗೆ ಬಂದು ಎರಡೂ ಹೊಲಿಗೆ ಮಷೀನುಗಳ ವೈರು ಕಿತ್ತು ಬಿಳಿ ಪಂಚೆ ಹೊದಿಸಿದ. ಸಾವಾದ ಮನೆಯಲ್ಲಿ ಮೂರನೇ ದಿನ ಸಮಾಧಿಗೆ ಹಾಲು ಬಿಡುವವರೆಗೆ ಸೂಜಿ ಹಿಡಿಯುವಂತಿಲ್ಲ. ಆ ಬೀದಿಯಲ್ಲಿ ಯಾರೂ ಮೀರದ ನೇಮ ಅದೊಂದೇ.

"ಸೂರಪ್ಪಗ ಹೇಳೀನಿ. ನಾಕನೇ ದಿನಕ್ಕ ಬಂಡಲ್ ಕಳಸ್ತಾನಂತ."

ಜೇಬಿನಿಂದ ಹೊಸ ಮಾತ್ರೆಪಟ್ಟಿ ತೆಗೆದ. "ನಿನ್ನೆ ಮೆಡಿಕಲ್ ಶಾಪಿನಾಗ ಇದ್ದಾಗ್ಲೇ ಫೋನ್ ಬಂತು. ಮಾತ್ರಿ ಮುಗದಾವು ಅಂತ ಬೆಳಿಗ್ಗೆ ಹೇಳಿದ್ಲು ಅವ್ವ. ತಿಂಗಳಿಗೆ ಅಂತ ತಂದಿದ್ನಲ್ಲ, ಜ್ಯೋತಿ, ಅಷ್ಟು ಲಗೂನ ಹೆಂಗ ಮುಗದ್ವು?"

ಜ್ಯೋತಿ ಕೈ ಚಾಚಿ ಪಟ್ಟಿ ಇಸಿದುಕೊಂಡಳು.

"ಅವ್ವನ ಎಲಿಅಡಿಕಿ ಚೀಲ ತಾರವ್ವ, ಸೊಂಟಕ್ಕ ಸಿಗಸಾಮು. ಅದಿಲ್ದ ಆಕಿ ಎಲ್ಲಿಗೂ ಹೋದಾಕಿ ಅಲ್ಲ," ಎಂದಳು ಉಜ್ಜಿನಮ್ಮ.

ಜ್ಯೋತಿ ಗೂಡಿನ ಮುಂದೆ ನಿಂತು ಚೀಲ ಬಿಚ್ಚಿದಳು. ಬಾಡಿದ ಎಲೆ, ಸುಣ್ಣದ ಡಬ್ಬಿ, ನಾಲ್ಕು ಮಡಿಕೆಯ ಬಳ್ಳಾರಿ ಚೀಟಿ. ಮಡಿಕೆಗಳಲ್ಲಿ ಕಾಗದ ಸವೆದು ಹರಿಯುವಂತಿತ್ತು. ಚೀಟಿ ತೆಗೆದು ಕುಪ್ಪಸದೊಳಗೆ ಇಟ್ಟಳು. ಹೊಸ ಪಟ್ಟಿಯನ್ನು ಎಲೆಗಳ ಕೆಳಗೆ ತುರುಕಿ, ಲಾಡಿ ಎಳೆದು ಬಿಗಿಯಾಗಿ ಗಂಟು ಹಾಕಿದಳು. ತಾನೇ ಅದನ್ನು ಅವ್ವನ ಸೊಂಟಕ್ಕೆ ಸಿಕ್ಕಿಸಿದಳು.

ಅವ್ವನನ್ನು ಎತ್ತಿದರು. ಅಂಗಳ ಒಮ್ಮೆ ಸುತ್ತು ಬಂತು. ಗೋಡೆ, ಜನ, ಅವ್ವನ ಪಾದ.

"ಮಾತ್ರಿ ಗೀತ್ರಿ ಏನಾರ ಬೇಕೇನವ್ವ?" ಉಜ್ಜಿನಮ್ಮ ತೋಳು ಹಿಡಿದಳು.

"ಏನೂ ಬ್ಯಾಡ್ರಿ."

ಹಲಗೆ ಬಡಿತದ ಸದ್ದು ಬೀದಿ ದಾಟಿತು. ಬಿಳಿ ಬಟ್ಟೆ ಹೊದ್ದ ಎರಡು ಮಷೀನುಗಳ ನಡುವೆ ಕಣ್ಣು ಮುಚ್ಚಿ ಕೂತು, ಜ್ಯೋತಿ ಸೆರಗಿನ ಮರೆಯಲ್ಲಿ ಮೂರರಲ್ಲಿ ಮೊದಲ ದಿನಕ್ಕೆಂದು ಒಂದು ಬೆರಳು ಮಡಿಚಿದಳು.