ಕಲ್ಲು ತೊಳೆಯುವ ಎರಡು ಹಿಡಿ ಜೋಳ

ಬೆಟ್ಟಗಳೂ ಕಿವಿಗೊಟ್ಟು ಕೂರುತ್ತಿದ್ದ ಕಾಲವೊಂದಿತ್ತಂತೆ. ಆಗ ಒಬ್ಬ ಗವಿಯಲ್ಲಿ ಅಡಗಿ ದೇವರಿಗಾಗಿ ಕಾಯುತ್ತಿದ್ದ. ಬಂಡೆ ಸೀಳುವ ಗಾಳಿ ಬಂತು, ದೇವರು ಅದರಲ್ಲಿರಲಿಲ್ಲ. ನೆಲ ನಡುಗಿತು, ಬೆಂಕಿ ಹಾಯಿತು, ಅಲ್ಲೂ ಇರಲಿಲ್ಲ. ಎಲ್ಲ ಅಡಗಿದ ಮೇಲೆ ಒಂದು ಸಣ್ಣ ದನಿ ಕೇಳಿಸಿತು. ನನ್ನ ಅಜ್ಜಿ ಬಾಳವ್ವ ತನ್ನ ಸತ್ಯವೇದದ, ಅಂದರೆ ಬೈಬಲ್ಲಿನ, ಈ ಕತೆ ಹೇಳುವಾಗ, ಆ ಗವಿ ನಮ್ಮ ಗಜೇಂದ್ರಗಡದ ಗುಡ್ಡದಲ್ಲೇ ಇದೆಯೆಂದು ನಂಬಿದ್ದೆ.

ಈ ಶುಕ್ರವಾರ ನಮ್ಮೂರು ಜಕ್ಕಲಿಯಲ್ಲಿ ಗಾಳಿ, ಬೆಂಕಿ ಎರಡೂ ಫೋನಿನಿಂದ ಹೊರಟವು. ತಪ್ಪು ನನ್ನದು. ಹಿಂದಿನ ದಿನ ಮುರ್ತುಜಾಸಾಬನ ಗಿರಣಿಯಲ್ಲಿ ಕಿಟಕಿಯ ಬಿಸಿಲಿಗೆ ಹಿಟ್ಟು ಹಾರುವುದು ಚೆಂದ ಕಂಡು ವಿಡಿಯೊ ಮಾಡಿದ್ದೆ. ಪಕ್ಕದ ಮನೆಯ ಗುರುಪಾದ ಕೇಳಿದನೆಂದು ಕಳಿಸಿದೆ. ಅವನು ಅದರಲ್ಲಿ ಎಂಟು ಸೆಕೆಂಡು ಮಾತ್ರ ಕತ್ತರಿಸಿಕೊಂಡ: ಸಾಬ ತುಕ್ಕು ಹಿಡಿದ ಡಬ್ಬಿಯಿಂದ ಎರಡು ಹಿಡಿ ಏನನ್ನೋ ಗಿರಣಿಗೆ ಸುರಿಯುವುದು. ಅದಕ್ಕೆ ಢಂಢಂ ಸಂಗೀತ, ಕೆಂಪಕ್ಷರ: ‘ನಿಮ್ಮ ರೊಟ್ಟಿಯೊಳಗ ಏನೈತಿ?’ ಅವನು ಹಂಚಿದ್ದು ಮಧ್ಯಾಹ್ನಕ್ಕೆ ತಾಲ್ಲೂಕು ಕೇಂದ್ರ ರೋಣದ ತನಕ ಮುಟ್ಟಿತು. ಸಂಜೆ ಐದಕ್ಕೆ ಗಿರಣಿಗೆ ಬೀಗ ಜಡಿಯುತ್ತೇವೆಂದು ಗುರುಪಾದ ಲೈವ್‌ನಲ್ಲಿ ಸಾರಿದ.

ಅಜ್ಜಿ ಜೋಳದ ಚೀಲ ತಂದು ನನ್ನ ಮುಂದಿಟ್ಟಳು.

“ಆ ಡಬ್ಬಿಯೊಳಗ ಏನಿತ್ತು?”

“ಗೊತ್ತಿಲ್ಲ ಆಯಿ.”

“ಕೇಳಿದೇನು?”

“ಇಲ್ಲ.”

“ಮೊದಲ ಬಂದು ದೂರು ಹೇಳಿದಾಂವನ ಮಾತು ಖರೇನ ಅನ್ನಿಸತೈತಿ, ಇನ್ನೊಬ್ಬಾಂವ ಬಾಯಿ ತಗಿಯೂತನಕ. ಸತ್ಯವೇದದಾಗಿನ ಈ ಮಾತು ಎಷ್ಟು ಸಲ ಓದಿ ಹೇಳೀನಿ ನಿನಗ. ಹೋಗಿ ಕೇಳು. ಈ ಜ್ವಾಳ ಅಲ್ಲೇ ಬೀಸಿಕೊಂಡು ಬಾ. ಆ ಹಿಟ್ಟು ಬರೂತನಕ ನಾ ಒಲಿ ಹಚ್ಚೂದಿಲ್ಲ.”

ತರ್ತೀನಿ ಎಂದು ಮಾತು ಕೊಟ್ಟೆ.

ಗಿರಣಿಯ ಮುಂದೆ ನಲವತ್ತು ಮಂದಿ. ಒಬ್ಬನ ಕೈಯಲ್ಲಿ ಹೊಸ ಬೀಗ. ನನ್ನ ಚೀಲ ನೋಡಿ ಓಣಿಯ ನೀಲವ್ವ, “ಹಿಟ್ಟಿನ ಜೋಡಿ ದವಾಖಾನಿ ಚೀಟಿನೂ ಬರಸ್ಕೊಂಡು ಬಾ,” ಎಂದಳು. ಕೆಲವರು ನಕ್ಕರು. ಗುರುಪಾದ ನನ್ನ ಮುಖಕ್ಕೆ ಫೋನ್ ಹಿಡಿದ.

“ಶ್ವೇತಕ್ಕ, ವಿಡಿಯೊ ತಗದಾಕಿ ನೀನ. ಎರಡು ಮಾತು ಹೇಳಿಬಿಡು. ಒಂಬೈನೂರು ಮಂದಿ ನೋಡಾಕ ಹತ್ತ್ಯಾರ.”

ಅವನನ್ನು ದಾಟಿ ಒಳಗೆ ಹೋದೆ. ಮುರ್ತುಜಾಸಾಬ ಗಿರಣಿಯ ಕಲ್ಲು ತಿರುಗಿಸುವ ಪಟ್ಟಾ ಕಳಚಿ ಬರೀ ಮೋಟರ್ ಓಡಿಸುತ್ತ ಕೂತಿದ್ದ, ಹೊರಗಿನ ಬೈಗುಳ ಕಿವಿಗೆ ಬೀಳದಿರಲೆಂದು.

“ಕಾಕಾ, ಬಂದ್ ಮಾಡ್ರಿ.”

ಮೋಟರ್ ನಿಂತಿತು. ಆ ಸದ್ದು ಹೋದದ್ದೇ ಹೊರಗಿನವರೂ ಒಂದು ಗಳಿಗೆ ಸುಮ್ಮನಾದರು.

“ಆ ಡಬ್ಬಿಯೊಳಗ ಏನೈತ್ರಿ?”

“ಇಷ್ಟ ಕೇಳಾಕ ಇಡೀ ದಿನ ಬೇಕಾತೇನವ್ವಾ?” ಮುಚ್ಚಳ ತೆಗೆದ. ಜೋಳ. “ನಿನ್ನೆ ಮೊದಲ ಕಡ್ಲಿ ಬೀಸಿದ್ದೆ. ಕಲ್ಲಿಗೆ ಕಡ್ಲಿ ಹಿಟ್ಟು ಹತ್ತಿರತೈತಿ. ಮುಂದಿನವರ ಜ್ವಾಳಕ್ಕ ಕೂಡಬಾರದಂತ ನನ್ನ ಮನಿ ಜ್ವಾಳ ಎರಡು ಹಿಡಿ ಹಾಕಿ ಕಲ್ಲು ತೊಳಿತೀನಿ. ಆ ಹಿಟ್ಟು ಎಮ್ಮಿಗೆ.”

ಬಾಗಿಲಲ್ಲಿದ್ದವರು ಕುತ್ತಿಗೆ ಚಾಚಿದರು.

“ಕಾಕಾ, ಜೋರಾಗಿ ಹೇಳ್ರಿ, ಆಡಿಯೊ ಬರವಲ್ದು,” ಎಂದ ಗುರುಪಾದ.

“ಕೇಳಬೇಕಂದಾಂವ ಹತ್ತಿರ ಬಾ.” ಸಾಬ ದನಿ ಏರಿಸಲಿಲ್ಲ.

ನಾನು ನನ್ನ ಫೋನಿನಲ್ಲಿ ಪೂರಾ ವಿಡಿಯೊ ತೆಗೆದು ಗುರುಪಾದನ ಕಣ್ಣ ಮುಂದೆ ಹಿಡಿದೆ. ಅವನು ಉಳಿಸಿಕೊಂಡ ಎಂಟು ಸೆಕೆಂಡಿನ ಬೆನ್ನಿಗೇ ಸಾಬ ಗಿರಣಿಯ ಹಿಟ್ಟು ಬೀಳುವ ಬಾಯಿಗೆ ಬೇರೆ ಬೋಗುಣಿ ಒಡ್ಡುತ್ತಾನೆ.

“ಕತ್ತರಿಸುವಾಗ ಇದನ್ನ ನೋಡಿದ್ದಿ,” ಎಂದೆ, ಅವನಿಗಷ್ಟೇ ಕೇಳುವಂತೆ.

ಅವನ ಫೋನ್ ಹಿಡಿದ ಕೈ ಮೆಲ್ಲಗೆ ಇಳಿಯಿತು.

“ಸಾಬನ ಅಪ್ಪನೂ ಹಿಂಗ ಕಲ್ಲು ತೊಳಿತಿದ್ದ,” ನೀಲವ್ವ ಗೊಣಗಿದಳು. “ನಾನರ ನೆನಪಿಡಬೇಕಿತ್ತು.”

ಐದು ದಾಟಿತು. ಬೀಗ ತಂದವನು ಅದನ್ನು ಜೇಬಿಗಿಳಿಸಿದ. ತಪ್ಪಾಯಿತೆಂದು ಯಾರೂ ಅನ್ನಲಿಲ್ಲ. ಸಾಬ ಪಟ್ಟಾ ಏರಿಸಿದ, ಎರಡು ಹಿಡಿ ತನ್ನ ಜೋಳ ಹಾಕಿ ಬೋಗುಣಿ ಒಡ್ಡಿದ. ಆಮೇಲೆ ನಮ್ಮದು ಸುರಿದ.

ಮನೆಗೆ ಬಂದು ಹಿಟ್ಟನ್ನು ರೊಟ್ಟಿ ನಾದುವ ಪರಾತಕ್ಕೆ ಸುರಿದೆ. ಇನ್ನೂ ಬೆಚ್ಚಗಿತ್ತು. ಅಜ್ಜಿ ಅದರೊಳಗೆ ಬೆರಳಾಡಿಸಿದಳು.

“ಕೇಳಿದೇನು?”

“ಕೇಳಿದೆ.”

ಅಜ್ಜಿ ಒಲೆ ಹಚ್ಚಿದಳು.