ಸತ್ತವನ ದನಿಗೆ ಹಕ್ಕುದಾರ

"ಲೇ ಹೆಣ ಹೊರೋರಾ, ಎಳೀರೋ! ಕೂಳು ತಿನ್ನೋ ಬಾಯಿಗೆ ಕೂಗೋಕೇನು ರೋಗ?"

ಮೇಸ್ತ್ರಿ ಗುಂಡಿಯ ಅಂಚಿನಲ್ಲಿ ನಿಂತು ಉಗಿಯುತ್ತಿದ್ದ. ಬೈಗುಳದ ಜೊತೆ ಎಂಜಲೂ ಬೀಳುತ್ತಿತ್ತು. ಕೆಳಗೆ, ಒಡೆದ ಕಕ್ಕಸಿನ ಪೈಪಿನಿಂದ ಸೋರಿದ ನೀರಿನಲ್ಲಿ ಮೊಣಕಾಲುದ್ದ ಹೂತು ನಿಂತವರು ಹಗ್ಗಕ್ಕೆ ಮೈ ಕೊಟ್ಟರು. ಹಗ್ಗದ ತುದಿಗೆ ತೋಳಿನಷ್ಟು ದಪ್ಪದ ಇಂಟರ್‌ನೆಟ್ ಕೇಬಲ್ಲು. ರಸ್ತೆ ಬದಿಯಲ್ಲಿಟ್ಟ ಮರದ ಉರುಳೆಯಿಂದ ಬಿಚ್ಚಿಕೊಂಡು, ನೆಲದೊಳಗಿನ ಕೊಳವೆ ಹೊಕ್ಕು ಅದು ಕಾನೂನು ಕಾಲೇಜಿನ ಹೊಸ ಕಟ್ಟಡ ಸೇರಬೇಕಿತ್ತು. ಒಬ್ಬ ಮೊದಲು, ಒಬ್ಬ ಆಮೇಲೆ ಎಳೆದರೆ ಬೆರಳಷ್ಟೂ ಜಗ್ಗದ ವಸ್ತು. ಒಬ್ಬ ಕೂಗಬೇಕು, ಉಳಿದವರು 'ಹೈಸಾ' ಎಂದು ಒಂದೇ ಉಸಿರಿಗೆ ಜಗ್ಗಬೇಕು.

ಕೂಗುತ್ತಿದ್ದವನು ಗೂಟ. ಗಿಡ್ಡ, ಗಟ್ಟಿ, ನೆಟ್ಟಲ್ಲಿಂದ ಅಲ್ಲಾಡದವನು ಅಂತ ಆ ಹೆಸರು.

"ಧಣಿಗೆ ಮಾಳಿಗೆ!"

"ಹೈಸಾ!"

"ನಮಗೆ ಕೆಮ್ಮು!"

"ಹೈಸಾ!"

ಕೂಗು ಅಪ್ಪನದು. ಅಪ್ಪ ಇಂಥದ್ದೇ ಒಂದು ಗುಂಡಿಯಲ್ಲಿ ಮಣ್ಣು ಕುಸಿದು ಸತ್ತ. ಅದಕ್ಕೆ ಸ್ವಲ್ಪ ಮುಂಚೆ ಇದೇ ಕಾಲೇಜಿನ ಪ್ರೊಫೆಸರು ಮನೆಗೆ ಬಂದು ಅವನ ಕೂಗನ್ನು, ಜೊತೆಯವರ 'ಹೈಸಾ' ಸಮೇತ, ರೆಕಾರ್ಡ್ ಮಾಡಿಕೊಂಡು ಹೋಗಿದ್ದ. ಗೂಟನ ಫೋನಿಗೂ ಒಂದು ಕಾಪಿ ಕಳಿಸಿದ್ದ. ಅಪ್ಪ ಸತ್ತು ವರ್ಷವಾದಾಗ ಗೂಟ ಅದನ್ನು ಇಂಟರ್‌ನೆಟ್ಟಿಗೆ ಹಾಕಿದ, ಫೋನು ಕೆಟ್ಟರೂ ದನಿ ಉಳಿಯಲಿ ಎಂದು. ಫೋನು ಗುಂಡಿಯ ನೀರಿಗೆ ಬಿದ್ದು ಸತ್ತಿತು. ಆಮೇಲೊಂದು ದಿನ ದನಿಯೂ ಹೋಯಿತು. ಅದಿದ್ದ ಜಾಗದಲ್ಲಿ ಒಂದೇ ಸಾಲು: ಹಕ್ಕುದಾರರ ದೂರಿನ ಮೇರೆಗೆ ತೆಗೆಯಲಾಗಿದೆ.

ಅವ್ವನೂ ಇದೇ ಕೆಲಸದಲ್ಲಿದ್ದಳು, ಗುಂಡಿಯ ಮಣ್ಣು ಹೊರಲು. ಊಟಕ್ಕೆ ಕೂತಾಗಲೆಲ್ಲ ಕೇಳುತ್ತಿದ್ದಳು:

"ಮಗಾ, ನಿಮ್ಮಪ್ಪನ್ನ ಹಾಕೋ."

"ಇಲ್ಲವ್ವ. ತೆಗೆದುಬಿಟ್ಟಿದ್ದಾರೆ."

"ಯಾರು?"

"ಹಕ್ಕುದಾರರು."

"ನಾನು ಇಲ್ಲೇ ಇದ್ದೀನಲ್ಲೋ!"

ಅವತ್ತು ಮಧ್ಯಾಹ್ನದ ಬಿಡುವಿನಲ್ಲಿ ಗೂಟ ಕೈಕಾಲು ತೊಳೆದುಕೊಂಡು ಕಾಲೇಜಿನೊಳಗೆ ಹೋದ. ಪ್ರೊಫೆಸರು ಪಾಠ ಮಾಡುತ್ತಿದ್ದ. ಬಾಗಿಲಲ್ಲಿ ಇವನನ್ನು ಕಂಡು, ಕೂಗುವವನ ಮಗನೆಂದು ಗುರುತು ಹಿಡಿದು, ಮುಖ ಅರಳಿಸಿದ.

"ಬಾ, ಬಾ. ಅಲ್ಲೇ, ಅಲ್ಲೇ ನಿಲ್ಲು. ಕುರ್ಚಿ ಮುಟ್ಬೇಡ." ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ವಿದ್ಯಾರ್ಥಿಗಳ ಕಡೆ ತಿರುಗಿದ. "ಡಿಜಿಟಲ್ ಯುಗದಲ್ಲಿ ಕಾಪಿರೈಟು. ನೋಡಿ, ಉದಾಹರಣೆ ತಾನಾಗೇ ನಡ್ಕೊಂಡು ಬಂದಿದೆ."

ನಗು. ಏಸಿಯ ತಂಪಿನಲ್ಲಿ ಹತ್ತಾರು ಥರದ ಸೆಂಟು ಕಲಸಿಕೊಂಡಿತ್ತು. ಕಕ್ಕಸಿನ ನೀರಿನಲ್ಲೂ ಮೂಗು ಮುಚ್ಚದ ಗೂಟ ಇಲ್ಲಿ ಮುಚ್ಚಿಕೊಂಡ.

"ಹೇಳಪ್ಪಾ, ಹಾಡು ಯಾರದು?"

"ನಮ್ಮಪ್ಪಂದು ಸಾರ್."

"ಬರೆದಿಟ್ಟಿದ್ನಾ?"

"ಬರೆಯೋಕೆ ಬರ್ತಿರ್ಲಿಲ್ಲ."

"ಅವನಿಗಿಂತ ಮುಂಚೆ ಯಾರೂ ಕೂಗ್ತಿರ್ಲಿಲ್ವಾ?"

"ಕೂಗ್ತಿದ್ರು. ಅವರವರ ಕೂಗು ಅವರವರದು."

"ಅಂದ್ರೆ ಹಾಡಿಗೆ ಒಡೆಯ ಇಲ್ಲ. ಗಾಳಿ ಇದ್ದ ಹಾಗೆ. ಆದ್ರೆ ಗಾಳೀನ ಹಿಡಿದವನು ಇದ್ದಾನೆ. ರೆಕಾರ್ಡಿಂಗಿನ ಹಕ್ಕು ರೆಕಾರ್ಡ್ ಮಾಡಿದವನದು. ಬರ್ಕೊಳ್ಳಿ, ಪರೀಕ್ಷೇಲಿ ಬರುತ್ತೆ."

ಹಿಂದಿನ ಬೆಂಚಿನಿಂದ ಒಬ್ಬಳು ಎದ್ದಳು. "ಹಾಡಿದವನಿಗೂ ಹಕ್ಕಿರುತ್ತಲ್ಲ ಸಾರ್?"

"ಇರುತ್ತಮ್ಮ. ಅವನೇ ಬಿಟ್ಟುಕೊಟ್ರೆ?" ಪ್ರೊಫೆಸರು ಕಂಪ್ಯೂಟರಿನ ಕೀ ಒತ್ತಿದ.

ಕೋಣೆಯ ನಾಲ್ಕೂ ಮೂಲೆಯಿಂದ ಅಪ್ಪ ಕೆಮ್ಮಿದ. "ಹಿಡ್ಕೊಂಡು ಹೋಗಿ ಸ್ವಾಮಿ. ಬಾಯಿಂದ ಹೋಗೋ ಗಾಳಿಗೆ ಕಾಸಾ? ಮನೆಗೆ ಬಂದೋರನ್ನ ಬರಿಗೈಲಿ ಕಳಿಸೋಕಾಗುತ್ತಾ?"

"ಕೇಳಿದ್ರಾ? ಅನುಮತಿ. ಸ್ಪಷ್ಟವಾಗಿದೆ."

ಹುಡುಗಿ ಕೂತಳು. ಅಪ್ಪನ ಕೂಗು ಮುಂದುವರಿಯಿತು. ಹೆಂಡತಿಯ ಮುನಿಸು ಬಂಡೆಗಿಂತ ಭಾರ ಎಂಬಲ್ಲಿಗೆ ಬಂದಾಗ ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ಒಬ್ಬ ಬೆಂಚು ಬಡಿದು ತಾಳ ಹಾಕಿದ.

"ಸಾರ್, ಒಂದು ಕಾಪಿ ಕೊಡಿ," ಗೂಟ ಅಂದ. "ಅವ್ವಂಗೆ. ಅವಳೊಬ್ಬಳಿಗೆ."

"ಕೊಡಬಹುದಿತ್ತಪ್ಪ. ಆದ್ರೆ ನೀನು ಮತ್ತೆ ನೆಟ್ಟಿಗೆ ಹಾಕ್ತೀಯ. ಒಂದ್ಸಲ ಕದ್ದವನು ತಾನೇ?"

ಬಾಯಿತುಂಬ ಬಂದ ಉಗುಳನ್ನು ಗೂಟ ನುಂಗಿದ. ಕಳ್ಳ. ಹೆತ್ತಪ್ಪನ ದನಿ ಕದ್ದ ಕಳ್ಳ. ಅವನು ಹೊರಬಿದ್ದನೋ ಇಲ್ಲವೋ, ಹಿಂದೆ ಯಾರೋ ಬುಸ್ಸೆಂದು ಸುಗಂಧ ಸಿಂಪಡಿಸಿದ ಸದ್ದು ಕೇಳಿಸಿತು.

ಗುಂಡಿಗಿಳಿದು ಹಗ್ಗ ಹಿಡಿದ.

"ಕೂಗೋ," ಅಂದ ಮೇಸ್ತ್ರಿ.

"ಕೂಗಲ್ಲ."

"ಯಾಕೋ ಬೋಳಿಮಗನೆ, ನಾಲಿಗೆ ಬಿದ್ದೋಯ್ತಾ?"

"ಕೂಗು ನಂದಲ್ಲ ಮೇಸ್ತ್ರಿ. ಪ್ರೊಫೆಸರ್ ಸಾಹೇಬ್ರದು. ನಾನು ಕೂಗಿದ್ರೆ ಕಳ್ಳತನ. ಅವರನ್ನೇ ಕರೀರಿ, ಈ ಹೇಲುನೀರಿಗೆ ಇಳಿದು ಕೂಗ್ಲಿ."

ಹಿಂದೆ ನಿಂತಿದ್ದ ಬೊಕ್ಕಬಾಯಿ ಮಾವ ಹಗ್ಗ ಬಿಟ್ಟ. "ಹಂಗಾದ್ರೆ 'ಹೈಸಾ'ನೂ ಅವರದೇ ಇರ್ಬೇಕು ಕಣೋ ಅಳಿಯಾ. ಅದರಲ್ಲಿ ನನ್ನ ದನೀನೂ ಇದೆ. ಹಲ್ಲಿದ್ದಾಗಿಂದು."

ಗುಂಡಿಯೆಲ್ಲ ನಕ್ಕಿತು. ಒಬ್ಬರಾದ ಮೇಲೆ ಒಬ್ಬರು ಬಾಯಿ ಹೊಲಿದುಕೊಂಡರು. ಮೇಸ್ತ್ರಿ ತಾನೇ 'ಒನ್, ಟೂ, ತ್ರೀ' ಎಂದು ಎಣಿಸಿದ. ಒಬ್ಬ ಒಂದಕ್ಕೆ ಎಳೆದ, ಇನ್ನೊಬ್ಬ ಮೂರಕ್ಕೆ, ಮಾವ ಎಲ್ಲ ಮುಗಿದ ಮೇಲೆ. ಕೇಬಲ್ಲು ಉಂಡ ಹೆಬ್ಬಾವಿನ ಹಾಗೆ ಬಿದ್ದುಕೊಂಡಿತ್ತು. ಮಾರನೆಯ ದಿನ ದೊಡ್ಡ ಮನುಷ್ಯರು ಬಂದು ಹೊಸ ಕಟ್ಟಡದ ಡಿಜಿಟಲ್ ಕಾನೂನು ಕೇಂದ್ರದ ಸ್ವಿಚ್ಚು ಒತ್ತುವುದಿತ್ತು. ಮೇಸ್ತ್ರಿ ಕಟ್ಟಡದೊಳಗೆ ಓಡಿದ.

ಪ್ರೊಫೆಸರು ಕಿಟಕಿಗೆ ಬಂದು ಇಣುಕಿದ. "ಇಷ್ಟೇನಾ? ಇರಿ."

ಅಂಗಳದ ಧ್ವನಿವರ್ಧಕ ಕಿರ್ರೆಂದಿತು. ಸತ್ತವನು ಕೆಮ್ಮಿದ.

"ಧಣಿಗೆ ಮಾಳಿಗೆ!"

ಗೂಟನ ಕೈಗಳು ತಾವಾಗಿಯೇ ಹಗ್ಗಕ್ಕೆ ಹೋದವು. ಮೀಸೆ ಮೂಡುವ ಮೊದಲೇ ಆ ದನಿಗೆ ಪಳಗಿದ ನಾಚಿಕೆಗೆಟ್ಟ ಕೈಗಳು. ಉಳಿದವರ ಕೈಗಳೂ ಹೋದವು. ಹಗ್ಗ ಬಿಗಿಯಿತು, ಕೇಬಲ್ಲು ಒಂದು ಗೇಣು ಸರಿಯಿತು.

"ನೋಡಿದ್ರೇನ್ರೋ!" ಮೇಸ್ತ್ರಿ ಕೇಕೆ ಹಾಕಿದ. "ಹೆಣಾನೂ ದುಡಿಯುತ್ತೆ!"

ಮೇಲೆ ಬುಟ್ಟಿ ಧಪ್ಪೆಂದು ಬಿತ್ತು. ಅವ್ವ ಗುಂಡಿಗೆ ಇಳಿದಳು. ಯಾರ ಮುಖವನ್ನೂ ನೋಡದೆ ಬಂದು, ಕೊಳವೆಯ ಬಾಯಿಗೆ ಬೆನ್ನು ಕೊಟ್ಟು, ಕೇಬಲ್ಲಿನ ಮೇಲೆ ಆ ಹೊಲಸು ನೀರಿನಲ್ಲೇ ಚಕ್ಕಳಮಕ್ಕಳ ಹಾಕಿ ಕೂತಳು.

"ಹಗ್ಗ ಬಿಡ್ರೋ."

ಬಿಟ್ಟರು.

"ಏ ಮುದುಕಿ, ಏಳೇ! ನಿನ್ನ ಮೇಲೇ ಎಳೆಸ್ತೀನಿ!"

"ಬಾಯ್ಮುಚ್ಚೋ ನಾಯಿ. ನನ್ನ ಗಂಡ ಮಾತಾಡ್ತಿದ್ದಾನೆ."

ಧ್ವನಿವರ್ಧಕದೊಳಗಿನ ಹಳೆಯ ಬಾಯಿಗಳು 'ಹೈಸಾ' ಎಂದವು. ಗುಂಡಿಯಲ್ಲಿ ಒಂದು ಬಾಯಿಯೂ ತೆರೆಯಲಿಲ್ಲ. ಗೂಟ ಹೋಗಿ ಅವ್ವನ ಪಕ್ಕ ಕೂತ. ಮಾವ ಸೊಂಟ ಹಿಡಿದುಕೊಂಡು, ನರಳುತ್ತ, ಅವನ ಪಕ್ಕ.

ಕಿಟಕಿಯಿಂದ ಇದನ್ನು ಕಂಡ ಪ್ರೊಫೆಸರು ದನಿ ನಿಲ್ಲಿಸಿದ.

ಅವ್ವ ತಲೆ ಎತ್ತಿದಳು. ಕಣ್ಣಲ್ಲಿ ನೀರಿರಲಿಲ್ಲ.

"ಏಯ್! ಯಾಕೋ ನಿಲ್ಲಿಸ್ದೆ? ಹಾಕೋ ಅವನನ್ನ! ಹಾಕೋವರೆಗೂ ನಾನು ಏಳಲ್ಲ."

ಮೇಸ್ತ್ರಿ ಮೇಲಕ್ಕೆ ನೋಡಿ ಕೈಮುಗಿದ. ಪ್ರೊಫೆಸರು ಹಾಕಿದ.

ಅವಳು ಏಳಲಿಲ್ಲ.